ಅತಿಥಿಯ ಕೈಯಲ್ಲಿ ಗುದ್ದಲಿ

ಭಾನುವಾರದ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಿಂದ ಚದುರುತ್ತಿದ್ದ ಹೊತ್ತಿನಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿ, ಮಗಳು ಕಳುಹಿಸಿದ್ದ ಚಿತ್ರವೊಂದನ್ನು ಮೊಬೈಲಿನಲ್ಲಿ ತೋರಿಸಿದರು. ಬಿಸಿಲಿಗೆ ಬಾಡಿದ ಮುಖ, ತಲೆಯ ಮೇಲೆ ಹುಲ್ಲಿನ ಟೋಪಿ, ಕೈಯಲ್ಲಿ ಉದ್ದ ಹಿಡಿಯ ಗುದ್ದಲಿ. ಹಿಂದೆ ದಿಗಂತದವರೆಗೂ ಚಪ್ಪಟೆಯಾಗಿ ಹರಡಿದ ಮರಳುನೆಲ, ಅದರಲ್ಲಿ ಸಾಲುಸಾಲು ಮೆಣಸಿನಕಾಯಿ ಗಿಡಗಳು. ಹುಡುಗಿ ನಗುತ್ತಿದ್ದಳು. ತಾಯಿ ನಗುತ್ತಿರಲಿಲ್ಲ. “ಮೇಷ್ಟ್ರೇ, ಕಳೆ ತೆಗೆಯೋದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಅದೂ ಸಂಬಳ ಇಲ್ಲದೆ!” ಎಂದರು.

ಈ ತಾಯಿ ಕಾಫಿ ತೋಟದ ಲೈನ್ ಮನೆಯಲ್ಲಿ ಬಾಳಿದವರು. ಇಪ್ಪತ್ತಾರು ವರ್ಷ ಕಳೆ ತೆಗೆದು, ಹಣ್ಣು ಕೊಯ್ದು, ಬಟವಾಡೆಯ ದಿನ ರೈಟರ ಮೇಜಿನ ಮುಂದೆ ಸಾಲಿನಲ್ಲಿ ನಿಂತು, ಆ ಹಣದಲ್ಲಿ ಮಗಳನ್ನು ಓದಿಸಿದವರು. ಮಗಳ ಕೈಗೆ ಗುದ್ದಲಿ ಬರಬಾರದು ಎಂಬುದೊಂದೇ ಅವರ ಹರಕೆಯಾಗಿತ್ತು. ಮಗಳು ಓದಿದಳು, ಸಾಲ ಮತ್ತು ವಿದ್ಯಾರ್ಥಿವೇತನಗಳ ಬಲದಿಂದ ಜರ್ಮನಿಗೆ ಉನ್ನತ ವ್ಯಾಸಂಗಕ್ಕೆ ಹೋದಳು. ಬೇಸಿಗೆಯ ರಜೆ ಬಂದಾಗ ಬೆನ್ನಿಗೊಂದು ಚೀಲ ಹಾಕಿಕೊಂಡು, ಕಡಿಮೆ ಖರ್ಚಿನಲ್ಲಿ ಊರು ನೋಡುವೆನೆಂದು ಹೊರಟು, ಹಂಗೇರಿ ದೇಶದ ಹಳ್ಳಿಯೊಂದರ ಸಾವಯವ ಹೊಲದಲ್ಲಿ ಮೂರು ವಾರ ಊಟ ಮತ್ತು ಹಾಸಿಗೆಗಾಗಿ ದುಡಿದು ಬಂದಳು. ತಾಯಿಯ ಪ್ರಶ್ನೆಗೆ ಮೊದಲು ನನಗೆ ನಗು ಬಂತು. ಮನೆ ಸೇರುವ ಹೊತ್ತಿಗೆ ನಗು ಮಾಯವಾಗಿತ್ತು. ಅದೇ ಕಳೆ, ಅದೇ ಬಗ್ಗಿದ ಬೆನ್ನು. ತಾಯಿ ಮಾಡಿದರೆ ಅದು ಬಡತನವೆನಿಸಿಕೊಂಡಿತು, ಮಗಳು ಮಾಡಿದರೆ ಅನುಭವವೆನಿಸಿಕೊಂಡಿತು. ಈ ವ್ಯತ್ಯಾಸ ಎಲ್ಲಿಂದ ಬಂತು? ಇದು ನ್ಯಾಯವೇ? ಈ ಪ್ರಶ್ನೆಯನ್ನು ನಿಮ್ಮೊಡನೆ ಕುಳಿತು ಯೋಚಿಸಬೇಕೆಂದು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಈ ಏರ್ಪಾಡು ಏನೆಂಬುದನ್ನು ತಿಳಿದುಕೊಳ್ಳೋಣ. 1971ರಲ್ಲಿ ಲಂಡನ್ನಿನಲ್ಲಿ ಕಾರ್ಯದರ್ಶಿಯಾಗಿ ದುಡಿಯುತ್ತಿದ್ದ ಸೂ ಕೊಪ್ಪರ್ಡ್ ಎಂಬ ಮಹಿಳೆ, ಹಳ್ಳಿಯ ಗಾಳಿಗೆ ಹಂಬಲಿಸಿ, ವಾರದ ಕೊನೆಯ ಎರಡು ದಿನ ಸಾವಯವ ಹೊಲವೊಂದಕ್ಕೆ ಹೋಗಿ ದುಡಿದು ಬರುವ ಪದ್ಧತಿಯನ್ನು ಆರಂಭಿಸಿದರು. ಸಸೆಕ್ಸ್ ಪ್ರಾಂತ್ಯದಲ್ಲಿ ಕೆಲವೇ ಮಂದಿಯಿಂದ ಶುರುವಾದ ಇದು ವೂಫ್ ಎಂಬ ಹೆಸರಿನಿಂದ ಇಂದು ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ನಿಯಮ ಸರಳ: ದಿನಕ್ಕೆ ನಾಲ್ಕರಿಂದ ಆರು ಗಂಟೆಗಳ ಕೆಲಸ, ಪ್ರತಿಯಾಗಿ ಊಟ ಮತ್ತು ವಸತಿ, ಹಣದ ಮಾತಿಲ್ಲ. ಸಾವಯವ ಹೊಲಗಳೇ ಏಕೆ ಎಂದು ನೀವು ಕೇಳಬಹುದು. ಕಳೆನಾಶಕ ಚೆಲ್ಲದ ಹೊಲದಲ್ಲಿ ಕಳೆಯನ್ನು ಕೈಯಿಂದಲೇ ತೆಗೆಯಬೇಕು. ಅಲ್ಲಿ ಎಷ್ಟು ಕೈಗಳಿದ್ದರೂ ಸಾಲದು, ಸಣ್ಣ ರೈತನ ಬಳಿ ಅಷ್ಟು ಕೈಗಳಿಗೆ ಕೊಡುವಷ್ಟು ಕೂಲಿಯೂ ಇರುವುದಿಲ್ಲ. ಹೀಗೆ ಒಬ್ಬರಿಗೆ ಕೈ ಬೇಕು, ಇನ್ನೊಬ್ಬರಿಗೆ ದೇಶ ನೋಡಲು ಅಗ್ಗದ ದಾರಿ ಬೇಕು. ಇಷ್ಟಾದರೆ ಇದು ವ್ಯಾಪಾರ. ಆದರೆ ಇದನ್ನು ಯಾರೂ ವ್ಯಾಪಾರವೆಂದು ಕರೆಯುವುದಿಲ್ಲ, ಆತಿಥ್ಯವೆಂದು ಕರೆಯುತ್ತಾರೆ. ತೊಡಕು ಇರುವುದು ಅಲ್ಲೇ.

ಆ ದಾರಿಯನ್ನು ನೀವೂ ಒಮ್ಮೆ ಮನಸ್ಸಿನಲ್ಲೇ ನಡೆದು ನೋಡಿ. ಹುಡುಗಿ ವಿಯೆನ್ನಾ ಕಡೆಯಿಂದ ರೈಲಿನಲ್ಲಿ ಬಂದು, ಗ್ಯೋರ್ ನಗರದಲ್ಲಿ ಇಳಿದು, ಹತ್ತಿರದ ಪನ್ನೊನ್‌ಹಲ್ಮ ಬೆಟ್ಟದ ಮೇಲಿನ ಬೆನೆಡಿಕ್ಟೈನ್ ಮಠವನ್ನು ನೋಡಲು ಹೋದಳು. 996ರಲ್ಲಿ ಸ್ಥಾಪನೆಯಾದ ಮಠವದು. ಒಂದು ಸಾವಿರ ವರ್ಷ ತುಂಬಿದ 1996ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಠದ ಇಳಿಜಾರಿನಲ್ಲಿ ಇಂದಿಗೂ ಲ್ಯಾವೆಂಡರ್ ಗಿಡಗಳನ್ನು ಬೆಳೆಸುತ್ತಾರೆ, ದ್ರಾಕ್ಷಾರಸ ಮಾಡುತ್ತಾರೆ. ಅಲ್ಲಿಂದ ಬುಡಾಪೆಸ್ಟ್, ಬುಡಾಪೆಸ್ಟಿನಿಂದ ಕೆಚ್ಕೆಮೇತ್ ಕಡೆಗೆ ಹೋಗುವ ರೈಲು. ಆ ದೇಶದ ಸರ್ಕಾರ 2023ರ ಮೇ ತಿಂಗಳಲ್ಲಿ ದೇಶದೊಳಗಿನ ರೈಲು ಮತ್ತು ದೂರದೂರಿನ ಬಸ್ಸುಗಳಿಗೆಲ್ಲ 18,900 ಫೋರಿಂಟ್‌ಗಳ ತಿಂಗಳ ಪಾಸನ್ನು ಜಾರಿಗೆ ತಂದಿತು. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೈದು ಸಾವಿರ ರೂಪಾಯಿ. ಬಡ ಪ್ರಯಾಣಿಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಡ. ದಾರಿಯಲ್ಲಿ ಅಂಗಡಿಯ ಬ್ರೆಡ್ಡು, ನಲ್ಲಿಯ ನೀರು. ಗಂಟೆಯೊಂದು ಕಳೆಯುವಷ್ಟರಲ್ಲಿ ಕಿಟಕಿಯಾಚೆ ಬೆಟ್ಟಗಳೇ ಇಲ್ಲದ ಬಯಲು.

ದಾನ್ಯೂಬ್ ಮತ್ತು ತಿಸಾ ನದಿಗಳ ನಡುವಿನ ಈ ಮರಳುನಾಡಿನಲ್ಲಿ ಊರಿನಿಂದ ದೂರವಾಗಿ, ಒಂದೊಂದೇ ಮನೆ, ಸುತ್ತ ಅದರ ಹೊಲ ಇರುವ ವಾಸಸ್ಥಾನಗಳಿವೆ. ಅವನ್ನು ಅಲ್ಲಿಯವರು ತನ್ಯ ಎನ್ನುತ್ತಾರೆ. ಕಂಬದ ಮೇಲೆ ಅಡ್ಡಮರ ತೂಗಿ ನೀರೆತ್ತುವ ಬಾವಿಗಳು ಅಲ್ಲಲ್ಲಿ ಉಳಿದಿವೆ. ಚಿತ್ರ ನೋಡಿದಾಗ ನಮ್ಮ ಅಜ್ಜಂದಿರ ಏತವೇ ಅಲ್ಲಿಗೆ ನಡೆದುಹೋಗಿ ನಿಂತಂತೆ ನನಗೆ ಅನಿಸಿತು. ಈಗ ಅವುಗಳಲ್ಲಿ ಎಷ್ಟೋ ಬತ್ತಿವೆ. ಕಳೆದ ಕೆಲವು ದಶಕಗಳಲ್ಲಿ ಅಲ್ಲಿನ ಅಂತರ್ಜಲ ಕೆಲವೆಡೆ ಹಲವು ಮೀಟರುಗಳಷ್ಟು ಕುಸಿದಿದೆ. ಮಣ್ಣಿನ ದಾರಿಯಲ್ಲಿ ಚೀಲ ಹೊತ್ತು ಬಂದ ಹುಡುಗಿಯನ್ನು ವಯಸ್ಸಾದ ದಂಪತಿಗಳು ಬಾಗಿಲಲ್ಲಿ ನಿಂತು ಸ್ವಾಗತಿಸಿದರು. ಅವರಿಗೆ ಹಂಗೇರಿಯನ್ ಭಾಷೆ ಬಿಟ್ಟು ಬೇರೆ ಭಾಷೆ ಬಾರದು. ಅವರಾಡಿದ ಮೊದಲ ಮಾತು: “ಇಶ್ತೆನ್ ಹೊಝೊತ್.” ಸ್ವಾಗತ ಹೇಳಲು ಹಂಗೇರಿಯರು ಬಳಸುವ ದಿನಬಳಕೆಯ ಮಾತು ಇದು. ಅದರ ಅಕ್ಷರಾರ್ಥ, ದೇವರು ನಿನ್ನನ್ನು ಕರೆತಂದ ಎಂದು.

ಈ ಮಾತಿನ ಭಾರವನ್ನು ಯೋಚಿಸಿ. ದೇವರು ಕರೆತಂದವನ ಕೈಗೆ ಮರುದಿನ ಬೆಳಿಗ್ಗೆ ಗುದ್ದಲಿ ಕೊಡಬಹುದೇ?

ಆ ಮಠದ ತಂದೆಯಾದ ಸಂತ ಬೆನೆಡಿಕ್ಟರನ್ನು ಕೇಳಿದರೆ, ಅವರ ನಿಯಮಾವಳಿಯಲ್ಲಿ ಬಾಗಿಲಿಗೆ ಬಂದ ಅತಿಥಿಯನ್ನು ಸ್ವತಃ ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕೆಂಬ ವಿಧಿಯಿದೆ. ಮಠದ ಹಿರಿಯರೇ ಅತಿಥಿಯ ಕೈಗೆ ನೀರು ಹಾಕಬೇಕು. ಕೈಕೆಲಸದ ಬಗ್ಗೆಯೂ ಅಲ್ಲಿ ಒಂದು ಅಧ್ಯಾಯವೇ ಇದೆ, ಆದರೆ ಆ ಕೆಲಸ ಮನೆಯವರದು, ಅತಿಥಿಯದಲ್ಲ. ಇಂದಿನ ಹಂಗೇರಿಯ ಸೊಂಬತ್‌ಹೆಯ್ ನಗರವಿರುವಲ್ಲಿ ಹುಟ್ಟಿದ ಸಂತ ಮಾರ್ಟಿನರು ತಮ್ಮ ನಿಲುವಂಗಿಯನ್ನು ಕತ್ತರಿಸಿ ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಅರ್ಧ ಕೊಟ್ಟ ಕಥೆ ನಿಮಗೆಲ್ಲ ಗೊತ್ತು. ಕೊಟ್ಟ ಮೇಲೆ, ಇದಕ್ಕೆ ಬದಲು ನನ್ನ ಕುದುರೆಗೆ ಹುಲ್ಲು ಹಾಕು ಎಂದು ಅವರು ಹೇಳಲಿಲ್ಲ. ಈ ಲೆಕ್ಕದಲ್ಲಿ ನೋಡಿದರೆ ದುಡಿಸಿಕೊಳ್ಳುವ ಆತಿಥ್ಯ ಆತಿಥ್ಯವೇ ಅಲ್ಲ.

ಆದರೆ ಇನ್ನೊಂದು ಹಳೆಯ ಧ್ವನಿಯೂ ಇದೆ. ಆದಿ ಕ್ರೈಸ್ತ ಸಮುದಾಯಗಳ ಬಾಳಿಗೆ ಕೈಪಿಡಿಯಂತಿದ್ದ ದಿದಾಖೆ ಎಂಬ ಪುಟ್ಟ ಗ್ರಂಥ, ದಾರಿಹೋಕನನ್ನು ಎರಡು ಮೂರು ದಿನ ಇರಿಸಿಕೊಳ್ಳಿ, ಅವನು ನಿಮ್ಮಲ್ಲಿಯೇ ನೆಲಸಬಯಸಿದರೆ ದುಡಿದು ಉಣ್ಣಲಿ ಎಂಬ ಅರ್ಥದ ಸಲಹೆ ನೀಡುತ್ತದೆ. ಮೊದಲು ಓದಿದಾಗ ನನಗೆ ಇದು ಕಂಜೂಸಿನ ಮಾತಾಗಿ ಕಂಡಿತ್ತು. ಆಮೇಲೆ, ನೆಂಟರ ಮನೆಯಲ್ಲಿ ಕಾಯಿಲೆಯ ಕಾರಣದಿಂದ ಹದಿನೈದು ದಿನ ಕೂತು ಉಂಡಾಗ ಅದರ ಅರ್ಥ ತಿಳಿಯಿತು. ನಾಲ್ಕನೆಯ ದಿನದಿಂದ ತಟ್ಟೆ ಭಾರವಾಗುತ್ತದೆ. ಐದನೆಯ ದಿನ ಆ ಮನೆಯ ಅಜ್ಜಿ ನನ್ನ ಮುಂದೆ ಅವರೆಕಾಯಿಯ ರಾಶಿ ಸುರಿದು, “ಸುಮ್ನೆ ಕೂತಿದೀಯಲ್ಲ, ಸುಲಿ” ಎಂದಾಗ ನನಗಾದ ಸಮಾಧಾನವನ್ನು ಹೇಗೆ ವರ್ಣಿಸಲಿ? ಅಂದು ನಾನು ಅತಿಥಿಯ ಸ್ಥಾನದಿಂದ ಇಳಿದು ಮನೆಯವನಾದೆ. ಹಂಗೇರಿಯ ಆ ಹೊಲದಲ್ಲಿ ಹುಡುಗಿಗೂ ಇದೇ ಆಯಿತು. ಮೊದಲೆರಡು ದಿನ ಆ ಅಜ್ಜಿ ಅವಳನ್ನು ಏನೂ ಮುಟ್ಟಗೊಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ತಟ್ಟಿದರು. ಬಿಸಿಲೇರುವ ಮುನ್ನ ಕಳೆ ತೆಗೆಯಬೇಕು. ಗಿಡದ ಬುಡಕ್ಕೆ ಒಣಹುಲ್ಲು ಹೊದಿಸಬೇಕು, ಇಲ್ಲವಾದರೆ ಆ ಮರಳು ನೀರನ್ನು ಹಿಡಿದಿಡುವುದಿಲ್ಲ. ಹತ್ತೂವರೆಗೆ ಕೆಲಸ ಮುಗಿಸಿ, ಮಧ್ಯಾಹ್ನ ಒಂದೇ ಮೇಜಿನ ಸುತ್ತ ಮೂವರೂ ಕುಳಿತು ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವುದು.

ಆ ಮೇಜಿನ ಮೇಲೆ ನಿಮ್ಮ ಗಮನವಿರಲಿ. ನಾನು ಮತ್ತೆ ಅದಕ್ಕೆ ಬರುತ್ತೇನೆ.

ಏಕೆಂದರೆ ಅನ್ನ ಮತ್ತು ವಸತಿಗೆ ದುಡಿಯುವುದು ಆ ನೆಲಕ್ಕೆ ಹೊಸತಲ್ಲ. ಜಮೀನುದಾರನ ಹೊಲದಲ್ಲಿ ಕೂಲಿಯಿಲ್ಲದೆ ಗೇಯುವ ಬಿಟ್ಟಿ ಚಾಕರಿಗೆ ಹಂಗೇರಿಯಲ್ಲಿ ರೊಬೊತ್ ಎಂಬ ಹೆಸರಿತ್ತು. (ಯಂತ್ರಮಾನವನಿಗೆ ನಾವಿಂದು ಬಳಸುವ ರೋಬೋಟ್ ಎಂಬ ಪದ ಬಂದುದು ಅದೇ ಮೂಲದ ಚೆಕ್ ಮಾತಿನಿಂದ. ಮನುಷ್ಯನನ್ನು ಯಂತ್ರವಾಗಿಸಿದ ಪದವೇ ಯಂತ್ರದ ಹೆಸರಾಯಿತು.) 1767ರಲ್ಲಿ ರಾಣಿ ಮರಿಯ ತೆರೇಸಾ ಹೊರಡಿಸಿದ ಶಾಸನ ಅದಕ್ಕೊಂದು ಮಿತಿ ಹಾಕಿತು: ಪೂರ್ಣ ಹಿಡುವಳಿಯ ಒಕ್ಕಲು ವರ್ಷಕ್ಕೆ ಎತ್ತುಗಳೊಡನೆ 52 ದಿನ, ಇಲ್ಲವೇ ಬರಿಗೈಯಲ್ಲಿ 104 ದಿನ ದುಡಿಯಬೇಕು. ದಯೆಯ ಶಾಸನವೇ ಇಷ್ಟಿದ್ದರೆ ಅದಕ್ಕೂ ಹಿಂದಿನದನ್ನು ನೀವೇ ಊಹಿಸಿಕೊಳ್ಳಿ. 1848ರಲ್ಲಿ ರೊಬೊತ್ ರದ್ದಾಯಿತು. ಆದರೂ ದೊಡ್ಡ ಜಮೀನುಗಳಲ್ಲಿ ಚೆಲೇದ್ ಎಂಬ ಜೀತಸದೃಶ ಆಳುಗಳ ಕುಲ ಎರಡನೆಯ ಮಹಾಯುದ್ಧದವರೆಗೂ ಉಳಿಯಿತು. ವರ್ಷದ ಕರಾರು, ಸಂಬಳದ ಬಹುಭಾಗ ಧಾನ್ಯ, ಸೌದೆ ಮತ್ತು ವಾಸಕ್ಕೊಂದು ಕೋಣೆ, ಹಲವು ಕುಟುಂಬಗಳಿಗೆ ಒಂದೇ ಅಡುಗೆಮನೆ. ಅಂಥದೇ ಜಮೀನಿನಲ್ಲಿ ಹುಟ್ಟಿ ಬೆಳೆದ ಲೇಖಕ ಗ್ಯುಲಾ ಇಯೇಶ್ 1936ರಲ್ಲಿ ಅವರ ಬದುಕನ್ನು ಕುರಿತು ಪುಸ್ತಕ ಬರೆದಾಗಲೇ ಪಟ್ಟಣದ ಎಷ್ಟೋ ಓದುಗರಿಗೆ ತಮ್ಮ ದೇಶದಲ್ಲಿ ಇಂಥ ಜನರಿದ್ದಾರೆಂದು ಅರಿವಾದುದು. ಲೈನ್ ಮನೆಗಳನ್ನು ಬಲ್ಲ ನಮಗೆ ಆ ಅಡುಗೆಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಯುದ್ಧಾನಂತರ ಭೂಮಿ ಹಂಚಿಕೆಯಾಯಿತು. ಐವತ್ತರ ದಶಕದಲ್ಲಿ ಸರ್ಕಾರವೇ ಧಾನ್ಯವನ್ನು ಕಡ್ಡಾಯವಾಗಿ ವಸೂಲು ಮಾಡತೊಡಗಿ, ಅಟ್ಟದಲ್ಲಿ ಬಚ್ಚಿಟ್ಟ ಕಾಳನ್ನೂ ಗುಡಿಸಿಕೊಂಡು ಹೋಯಿತು; ಆ ಕಾಲವನ್ನು ಅಟ್ಟ ಗುಡಿಸಿದ ಕಾಲವೆಂದೇ ಅಲ್ಲಿನ ಹಿರಿಯರು ನೆನೆಯುತ್ತಾರೆ. 1961ರ ಹೊತ್ತಿಗೆ ಹೆಚ್ಚಿನ ಹೊಲಗಳೆಲ್ಲ ಸಾಮೂಹಿಕ ಬೇಸಾಯಕ್ಕೆ ಸೇರಿದ್ದವು. 1989ರ ಬದಲಾವಣೆಯ ಬಳಿಕ ಭೂಮಿ ಮತ್ತೆ ಖಾಸಗಿಯವರ ಕೈಗೆ ಬಂದಾಗ, ಕಳೆದುಕೊಂಡವರಲ್ಲಿ ಅನೇಕರು ಮುದುಕರಾಗಿದ್ದರು, ಇಲ್ಲವೇ ಮಣ್ಣಾಗಿದ್ದರು. ಹುಡುಗಿ ಗುದ್ದಲಿ ಹಾಕಿದ ನೆಲ ಇಷ್ಟನ್ನೂ ಕಂಡಿದೆ.

ಚೆಲೇದ್ ಆಳಿಗೂ ಊಟ, ವಸತಿ. ನಮ್ಮ ಹುಡುಗಿಗೂ ಊಟ, ವಸತಿ. ಹಾಗಾದರೆ ಬೇರೆ ಯಾವುದು? ನನಗೆ ಎರಡು ಸಂಗತಿಗಳು ಕಾಣುತ್ತವೆ. ಒಂದು, ಅವಳು ಬೇಡವೆನಿಸಿದ ದಿನ ಚೀಲ ಹೊತ್ತು ಹೊರಡಬಹುದಿತ್ತು. ಎರಡು, ಆ ಮೇಜು. ಜಮೀನುದಾರ ಚೆಲೇದ್ ಆಳಿಗೆ ಧಾನ್ಯ ಅಳೆದು ಕೊಟ್ಟ. ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಲಿಲ್ಲ. 1981ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಮಾನವ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ದುಡಿಮೆಯ ಘನತೆ ಮೊದಲಿಗೆ ಹುಟ್ಟುವುದು ಮಾಡಿದ ಕೆಲಸ ಯಾವುದೆಂಬುದರಿಂದಲ್ಲ, ಮಾಡುವವನು ಮನುಷ್ಯನೆಂಬುದರಿಂದ ಎಂಬ ವಿಚಾರವನ್ನು ವಿಸ್ತಾರವಾಗಿ ಮಂಡಿಸಿದ್ದಾರೆ. ಇದನ್ನು ನಾನು ಬಹುಕಾಲದಿಂದ ಒಪ್ಪಿದ್ದೇನೆ. ಆದರೆ ಮನುಷ್ಯನೆಂದು ಒಪ್ಪಿದ್ದೇವೆಂಬುದು ತಿಳಿಯುವುದು ಎಲ್ಲಿ? ಊಟದ ಹೊತ್ತಿನಲ್ಲಿ. ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವ ಹೆಂಗಸಿಗೆ ಬೇರೆ ಲೋಟ, ಬೇರೆ ಮೂಲೆ ಇರುವವರೆಗೆ ದುಡಿಮೆಯ ಘನತೆಯ ಬಗ್ಗೆ ಪ್ರಬೋಧನೆ ಕೇಳಿ ನಾವು ತಲೆದೂಗುವುದರಲ್ಲಿ ಏನು ಹುರುಳಿದೆ?

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸುಖವಾಗಿ ಮುಗಿಯುತ್ತಿತ್ತು. ಆದರೆ ಹುಡುಗಿ ಹೇಳಿದ ಇನ್ನೊಂದು ಮಾತು ನನ್ನನ್ನು ಬಿಡುತ್ತಿಲ್ಲ. ಬ್ರೆಡ್ಡು ತರಲು ಊರಿನೊಳಗೆ ಹೋದಾಗ ಅವಳು ದಿನವೂ ರಸ್ತೆಯಂಚಿನಲ್ಲಿ ಹೊಳೆಯುವ ಬಣ್ಣದ ನಿಲುವಂಗಿ ತೊಟ್ಟು ಕಳೆ ತೆಗೆಯುವ ಕೆಲವರನ್ನು ಕಾಣುತ್ತಿದ್ದಳು. ಅದು ಸರ್ಕಾರದ ಸಾರ್ವಜನಿಕ ಕೆಲಸದ ಯೋಜನೆ, ಕೊಜ್‌ಮುಂಕ ಎನ್ನುತ್ತಾರೆ. 2011ರಿಂದ ಅದನ್ನು ಬಹಳವಾಗಿ ವಿಸ್ತರಿಸಲಾಯಿತು. 2016ರ ಸುಮಾರಿಗೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು, ಆಮೇಲೆ ಸಂಖ್ಯೆ ಇಳಿಯಿತು. ಅದರ ಕೂಲಿ ದೇಶದ ಕನಿಷ್ಠ ಕೂಲಿಗಿಂತಲೂ ಕಡಿಮೆ. ಒಲ್ಲೆ ಎಂದವರು ಸರ್ಕಾರದ ನೆರವನ್ನೂ ಕಳೆದುಕೊಳ್ಳಬೇಕಾಗುತ್ತಿತ್ತು. ಅದರಲ್ಲಿ ದುಡಿದವರಲ್ಲಿ ರೋಮಾ ಸಮುದಾಯದ ಬಡವರು ಬಹಳ ಮಂದಿ. ಒಂದೇ ಹಳ್ಳಿ, ಒಂದೇ ಬಿಸಿಲು, ಒಂದೇ ಕಳೆ. ಹುಡುಗಿಯ ಗುದ್ದಲಿಯ ಚಿತ್ರವನ್ನು ಗೆಳೆಯರೆಲ್ಲ ಮೆಚ್ಚಿಕೊಂಡರು. ಆ ರಸ್ತೆಬದಿಯವರ ಚಿತ್ರವನ್ನು ಯಾರೂ ತೆಗೆಯಲಿಲ್ಲ. “ಅವರಲ್ಲಿ ಒಬ್ಬರನ್ನು ಕೂಲಿಗೆ ಕರೆಯಬಹುದಿತ್ತಲ್ಲ ಅಂತ ಅಜ್ಜಿಯನ್ನು ಕೇಳಿದೆ” ಎಂದಳು. ಅಜ್ಜಿ ತಮ್ಮ ಲೆಕ್ಕದ ಪುಸ್ತಕವನ್ನೇ ತಂದು ತೋರಿಸಿದರಂತೆ. ಕೂಲಿ ಕೊಡುವ ಶಕ್ತಿ ನಿಜವಾಗಿಯೂ ಇರಲಿಲ್ಲ. ಅವರ ಸ್ವಂತ ಮಗನೇ ಸಂಬಳಕ್ಕಾಗಿ ಆಸ್ಟ್ರಿಯಾದಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ. ಮಗ ಸಂಬಳಕ್ಕಾಗಿ ಹೊರಗೆ ಹೋದ ಮನೆಗೆ ಪರದೇಶದ ಮಗಳೊಬ್ಬಳು ಸಂಬಳವಿಲ್ಲದೆ ದುಡಿಯಲು ಬಂದಳು.

ಆದ್ದರಿಂದ ಬಿಟ್ಟಿ ದುಡಿಮೆಯನ್ನು ಸುಮ್ಮನೆ ಪುಣ್ಯವೆಂದು ಕೊಂಡಾಡಲು ನನಗೆ ಮನಸ್ಸಾಗುವುದಿಲ್ಲ. ಅದು ಎಲ್ಲೋ ಒಬ್ಬ ಕೂಲಿಯವನ ಅನ್ನವನ್ನು ಕಸಿಯಬಲ್ಲದು. ಬಡ ಅಜ್ಜಿಯ ಹೊಲದಲ್ಲಿ ಅದು ನೆರವು. ಲಾಭ ಗಳಿಸುವ ದೊಡ್ಡ ತೋಟದಲ್ಲಿ ಅದೇ ಕೆಲಸ ಮೋಸ. ಪವಿತ್ರ ಬೈಬಲಿನಲ್ಲಿ ಲಾಬಾನನು ತನ್ನ ಸೋದರಳಿಯ ಯಕೋಬನಿಗೆ, ನೀನು ನೆಂಟನೆಂಬ ಮಾತ್ರಕ್ಕೆ ಬಿಟ್ಟಿ ದುಡಿಯಬೇಕೇ, ನಿನ್ನ ಕೂಲಿ ಹೇಳು ಎಂಬರ್ಥದಲ್ಲಿ ಕೇಳುತ್ತಾನೆ. ಎಷ್ಟು ಒಳ್ಳೆಯ ಪ್ರಶ್ನೆ! ಕೇಳಿದವನು ಮಾತ್ರ ಅಷ್ಟು ಒಳ್ಳೆಯವನಾಗಿರಲಿಲ್ಲ ಎಂಬುದನ್ನು ಮುಂದಿನ ಕಥೆ ಬಲ್ಲ ನಿಮಗೆ ಹೇಳಬೇಕಾಗಿಲ್ಲ. ವೂಫ್ ಸಂಸ್ಥೆಯ ಹೆಸರಿನಲ್ಲಿ ಮೊದಲು ಕೆಲಸ, ಕೆಲಸಗಾರ ಎಂಬ ಪದಗಳಿದ್ದವು. ಮುಂದೆ ಅವನ್ನು ತೆಗೆದು ಅವಕಾಶ ಎಂಬ ಪದ ಸೇರಿಸಿದರು. ವಲಸೆ ಅಧಿಕಾರಿಗಳು ಅದನ್ನು ಕೂಲಿ ಕೆಲಸವೆಂದು ಭಾವಿಸುತ್ತಿದ್ದುದು ಅದಕ್ಕೆ ಒಂದು ಕಾರಣ. ಪದ ಹೋದರೂ ಬೆನ್ನುನೋವು ಹೋಗಲಿಲ್ಲ. ನಿಮ್ಮ ಮಕ್ಕಳಾರಾದರೂ ಹೀಗೆ ಹೊರಟರೆ ಒಂದು ಮಾತು ಹೇಳಿ: ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಪ್ರವಾಸ ಮಾಡಲು ಅನುಮತಿಯಿದೆ ಎಂದರೆ ದುಡಿಯಲು ಅನುಮತಿಯಿದೆ ಎಂದರ್ಥವಲ್ಲ, ಸಂಬಳವಿಲ್ಲದಿದ್ದರೂ ಊಟಕ್ಕೆ ದುಡಿಯುವುದನ್ನು ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ. ರಾಯಭಾರ ಕಚೇರಿಯಲ್ಲಿ ಬರವಣಿಗೆಯಲ್ಲಿ ವಿಚಾರಿಸಿಯೇ ಹೊರಡಲಿ. ದಿನಕ್ಕೆ ಎಷ್ಟು ಗಂಟೆ, ಮಲಗುವುದು ಎಲ್ಲಿ, ಮೊದಲು ಬಂದು ಹೋದವರು ಏನನ್ನುತ್ತಾರೆ ಎಂಬುದನ್ನೂ ಕೇಳಲಿ. ಹೊರಟುಬರುವಷ್ಟು ಹಣ ಕಿಸೆಯಲ್ಲಿ ಬೇರೆಯೇ ಇರಲಿ. ಅದಿಲ್ಲದವನು ಅತಿಥಿಯಾಗಿ ಹೋಗಿ ಆಳಾಗಿಬಿಡುತ್ತಾನೆ.

ಹಂಗೇರಿಯ ಹಳ್ಳಿಗಳಲ್ಲಿ ಕಲಾಕ ಎಂಬ ಹಳೆಯ ಪದ್ಧತಿಯೊಂದಿದೆ. ಒಬ್ಬರ ಮನೆ ಕಟ್ಟುವಾಗ, ಫಸಲು ಒಟ್ಟುವಾಗ ಊರವರೆಲ್ಲ ಸೇರಿ ಕೂಲಿಯಿಲ್ಲದೆ ದುಡಿಯುವುದು, ತಮ್ಮ ಸರದಿ ಬಂದಾಗ ಆ ದುಡಿಮೆಯನ್ನು ಮರಳಿ ಪಡೆಯುವುದು. ನಮ್ಮ ಮುಯ್ಯಾಳು ಅಲ್ಲದೆ ಇದು ಮತ್ತೇನು? ಆದರೆ ಅಲ್ಲಿ ಎರಡೂ ಕಡೆ ಹೊಲವಿರಬೇಕು. ಆ ಅಜ್ಜಿ ಎಂದಾದರೂ ಚಿಕ್ಕಮಗಳೂರಿಗೆ ಬಂದು ಈ ತಾಯಿಯ ಹಿತ್ತಲಲ್ಲಿ ಕಳೆ ತೆಗೆದು ಮುಯ್ಯಿ ತೀರಿಸುವರೇ? ತೀರಿಸಲಾರರು. ಹಾಗಾದರೆ ಮುಯ್ಯಿ ಉಳಿದೇ ಇರುತ್ತದೆ. ಹುಡುಗಿಯ ಕಡೆಯಿಂದಲೂ ಉಳಿದಿದೆ ಎಂದು ನನ್ನ ಎಣಿಕೆ. ಏಕೆಂದರೆ ಆಗಸ್ಟ್ 20ರಂದು, ದೇಶದ ಮೊದಲ ಅರಸ ಸಂತ ಸ್ತೇಫನರ ಹಬ್ಬದಂದು, ಹೊಸ ಗೋಧಿಯ ರೊಟ್ಟಿಯನ್ನು ಆಶೀರ್ವದಿಸುವ ವಾಡಿಕೆ ಅಲ್ಲಿದೆ. ಆ ಅರಸರ ಹೆಸರಿನಲ್ಲಿ ಉಳಿದುಬಂದಿರುವ, ಮಗ ಎಮೆರಿಕನಿಗೆ ಹೇಳಿದ ಹಿತವಚನಗಳಲ್ಲಿ ಪರದೇಶದ ಅತಿಥಿಗಳನ್ನು ಆದರಿಸು, ಅವರಿಂದಲೇ ರಾಜ್ಯ ಬಲಗೊಳ್ಳುತ್ತದೆ ಎಂಬ ಭಾವದ ಅಧ್ಯಾಯವೊಂದು ಇದೆ. ಅಂದು ದೇವಾಲಯದಿಂದ ತಂದ ರೊಟ್ಟಿಯ ಮೊದಲ ತುಂಡನ್ನು ಅಜ್ಜ ಮುರಿದು ಹುಡುಗಿಯ ತಟ್ಟೆಗೆ ಹಾಕಿದರಂತೆ. ಅದನ್ನು ಯಾವ ಗಂಟೆಯ ಲೆಕ್ಕಕ್ಕೆ ಬರೆಯುವುದು? ಕೊನೆಯ ವಾರ ಪ್ಲಮ್ ಹಣ್ಣುಗಳನ್ನು ದೊಡ್ಡ ಕಡಾಯಿಯಲ್ಲಿ, ಸಕ್ಕರೆ ಹಾಕದೆ, ತಳ ಹಿಡಿಯದಂತೆ ರಾತ್ರಿಯಿಡೀ ತಿರುವಿ ಕಪ್ಪಗಿನ ಪಾಕ ಮಾಡಿದರು. ಸರದಿಯ ಮೇಲೆ ತಿರುವುತ್ತ ಅಜ್ಜಿ ತಮ್ಮ ತಾಯಿ ಜಮೀನೊಂದರಲ್ಲಿ ಆಳಾಗಿದ್ದ ಕಥೆ ಹೇಳಿದರು. ಹುಡುಗಿ ತನ್ನ ತಾಯಿಯ ಕಥೆ ಹೇಳಿದಳು. ಅರ್ಧ ಮಾತು, ಅರ್ಧ ಕೈಸನ್ನೆ. ಮನೆಯಲ್ಲಿ ತಾನು ಎಂದೂ ಕೇಳದ ಪ್ರಶ್ನೆಗಳನ್ನು, ಬೆನ್ನು ನೋಯುತ್ತಿತ್ತೇ, ಮಳೆಗಾಲದಲ್ಲಿ ಜಿಗಣೆ ಕಡಿಯುತ್ತಿತ್ತೇ, ರೈಟರು ಹೆಸರು ಹಿಡಿದು ಕರೆಯುತ್ತಿದ್ದರೇ ಎಂಬುದನ್ನೆಲ್ಲ, ಮರುದಿನ ಫೋನಿನಲ್ಲಿ ತಾಯಿಯನ್ನು ಕೇಳಿದಳು.

ಇದನ್ನೆಲ್ಲ ತಿಳಿದ ಮೇಲೆ ಒಂದು ಭಾನುವಾರ ಆ ತಾಯಿಯ ಬಳಿ ಕುಳಿತು, ನನಗೆ ತೋಚಿದ್ದನ್ನು ಹೇಳಿದೆ. ಅವರು ಸುಮ್ಮನೆ ಕೇಳಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. “ಅವಳಿಗೆ ಬಿಟ್ಟು ಬರೋಕೆ ಆಯ್ತು ಮೇಷ್ಟ್ರೇ, ನಮಗೆ ಆಗಲಿಲ್ಲ, ಅಷ್ಟೇ” ಎಂದರು. ಆಮೇಲೆ ಮೊಬೈಲನ್ನು ತೆರೆದು, ಅದೇ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಬಹಳ ಹೊತ್ತು ನೋಡಿದರು. “ಹಿಡಿ ಹಿಡಿದಿರೋದೇ ಸರಿಯಿಲ್ಲ. ಇಷ್ಟು ಕೆಳಗೆ ಹಿಡಿದರೆ ಸೊಂಟ ಬಿದ್ದುಹೋಗುತ್ತೆ. ಮುಂದಿನ ವರ್ಷವೂ ಹೋಗ್ತೀನಿ ಅಂತಾಳಲ್ಲ, ಅಷ್ಟರೊಳಗೆ ಹೇಳಿಕೊಡ್ತೀನಿ” ಎಂದರು.